ಲೈಂಗಿಕ ರೋಗಗಳು: ದಂಪತಿಗಳಿಬ್ಬರಿಗೂ ಚಿಕಿತ್ಸೆ

(ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಗಳ ಕುಟುಂಬ ಕಲ್ಯಾಣ ಸಭೆಗಳಿಗಾಗಿ ವೈದ್ಯಾಧಿಕಾರಿಯೊಬ್ಬರು ಸಿದ್ಧಪಡಿಸಿದ ಭಾಷಣದ ಪಾಠ)



ಇಂದು ನಾನು ಮಾತನಾಡಬೇಕಾದ ವಿಷಯವನ್ನು ನಾಲ್ಕು ಜನರ ನಡುವೆ ಎತ್ತುವುದು ನಮ್ಮಲ್ಲಿ ರೂಢಿಯಲ್ಲ. ಜ್ವರ ಬಂದರೆ ನೆರೆಮನೆಯವರಿಗೆ ಹೇಳುತ್ತೇವೆ. ಹೊಲದಲ್ಲಿ ಬಿದ್ದು ಕೈ ಮುರಿದುಕೊಂಡರೆ ಓಣಿಯವರೆಲ್ಲ ಬಂದು ನೋಡಿ ಹೋಗುತ್ತಾರೆ. ಆದರೆ ಜನನೇಂದ್ರಿಯದ ಮೇಲೆ ಒಂದು ಹುಣ್ಣು ಎದ್ದರೆ ಗಂಡಸು ಅದನ್ನು ಕೈಹಿಡಿದ ಹೆಂಡತಿಗೂ ತಿಳಿಸುವುದಿಲ್ಲ. ಹೆಂಡತಿಯಾದವಳು ತನ್ನ ಬಾಧೆಯನ್ನು ಹೆತ್ತ ತಾಯಿಗೂ ಹೇಳುವುದಿಲ್ಲ. ಈ ಸಂಕೋಚ ಸಹಜವಾದದ್ದೇ. ಅದನ್ನು ನಾನು ಹಳಿಯುವವನಲ್ಲ. ಆದರೆ ಈ ಸಂಕೋಚದಿಂದ ಆಗುವ ಹಾನಿ ಎಂಥದು, ಅದು ಯಾರ ಮೇಲೆ ಬೀಳುತ್ತದೆ ಎಂಬುದನ್ನು ತಾವು ತಿಳಿದುಕೊಂಡರೆ, ದವಾಖಾನೆಯ ಮೆಟ್ಟಿಲು ಹತ್ತುವುದು ಅಷ್ಟು ಕಷ್ಟವೆನಿಸಲಾರದು ಎಂದು ನಂಬಿದ್ದೇನೆ.

ಈ ರೋಗಗಳಿಗೆ ನಮ್ಮ ಜನ ಅನೇಕ ಹೆಸರುಗಳನ್ನು ಇಟ್ಟಿದ್ದಾರೆ. ಸಿಫಿಲಿಸ್ ರೋಗವನ್ನು ನಮ್ಮ ಕಡೆ ಗರ್ಮಿ ಎಂದು ಕರೆಯುವುದುಂಟು. ಗೋಡೆಯ ಮೇಲಿನ ಜಾಹೀರಾತುಗಳಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿ ಗುಪ್ತರೋಗ ಎಂದು ಬರೆದಿರುತ್ತಾರೆ. ಈ ಕೊನೆಯ ಹೆಸರು ನನಗೆ ಹಿಡಿಸದು. ಗುಪ್ತವಾಗಿಡಬೇಕಾದ ರೋಗ ಎಂಬ ಅರ್ಥವನ್ನು ಅದು ಮೊದಲೇ ಕೊಟ್ಟುಬಿಡುತ್ತದೆ. ಹದಿನಾರನೆಯ ಶತಮಾನದಲ್ಲಿ ಭಾವಮಿಶ್ರನೆಂಬ ವೈದ್ಯನು ತನ್ನ ಸಂಸ್ಕೃತ ಗ್ರಂಥದಲ್ಲಿ ಇದನ್ನು ಫಿರಂಗ ರೋಗವೆಂದು ಕರೆದನು. ಫಿರಂಗಿಗಳು, ಅಂದರೆ ಪೋರ್ತುಗೀಜರು, ಹೊತ್ತು ತಂದ ರೋಗವೆಂಬುದು ಆ ಕಾಲದವರ ತಿಳಿವಳಿಕೆ. ಯುರೋಪಿನಲ್ಲಿಯಾದರೂ ಹೀಗೆಯೇ, ಇಟಲಿಯವರು ಅದನ್ನು ಫ್ರೆಂಚರ ರೋಗವೆಂದರು, ಫ್ರೆಂಚರು ನೇಪಲ್ಸ್ ನಗರದ ರೋಗವೆಂದರು. ಎಲ್ಲ ದೇಶದವರೂ ಇದು ಬೇರೆಯವರ ರೋಗವೆಂದೇ ಹೇಳುತ್ತ ಬಂದರು. ನಮ್ಮ ಊರುಗಳಲ್ಲಿಯೂ ಇದು ಲಾರಿಯವರದು, ಪೇಟೆಯವರದು, ಇಂಥ ಓಣಿಯವರದು ಎಂಬ ಮಾತು ಕೇಳಿಬರುತ್ತದೆ. ರೋಗಾಣುವು ಜಾತಿಯನ್ನೂ ಓಣಿಯನ್ನೂ ಕೇಳಿ ಬರುವುದಿಲ್ಲ. ಒಬ್ಬರ ಶರೀರದಿಂದ ಇನ್ನೊಬ್ಬರ ಶರೀರಕ್ಕೆ ಸಂಭೋಗದ ಮೂಲಕ ಹಾಯುತ್ತದೆ, ಅಷ್ಟೆ.

1905ರಲ್ಲಿ ಬರ್ಲಿನ್ ನಗರದಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು ಸಿಫಿಲಿಸ್ ರೋಗಾಣುವನ್ನು ಸೂಕ್ಷ್ಮದರ್ಶಕದಡಿ ಕಂಡರು. ತಿರುಪಿನ ಮೊಳೆಯಂತೆ ಸುರುಳಿ ಸುತ್ತಿದ, ಬಹು ತೆಳುವಾದ ಜೀವಿ ಅದು. ಅದರ ನಡೆಯನ್ನು ತಾವು ಸ್ವಲ್ಪ ವಿವರವಾಗಿ ಕೇಳಬೇಕು. ಏಕೆಂದರೆ ಇಂದಿನ ನನ್ನ ಮಾತೆಲ್ಲ ಅದರ ಮೇಲೆಯೇ ನಿಂತಿದೆ.

ರೋಗಾಣು ಶರೀರವನ್ನು ಹೊಕ್ಕ ಮೇಲೆ ಸಾಮಾನ್ಯವಾಗಿ ಮೂರು ವಾರಗಳ ಹೊತ್ತಿಗೆ, ಕೆಲವರಲ್ಲಿ 9 ದಿನಗಳಷ್ಟು ಬೇಗ, ಕೆಲವರಲ್ಲಿ 90 ದಿನಗಳಷ್ಟು ತಡವಾಗಿ, ಅದು ಹೊಕ್ಕ ಜಾಗದಲ್ಲಿ ಒಂದು ಹುಣ್ಣು ಏಳುತ್ತದೆ. ಅಂಚು ಗಟ್ಟಿಯಾಗಿರುತ್ತದೆ. ಬಹುಮಟ್ಟಿಗೆ ನೋವು ಇರುವುದಿಲ್ಲ. ನೋವಿಲ್ಲದ್ದರಿಂದ ಅದನ್ನು ಲೆಕ್ಕಿಸುವವರು ಕಡಿಮೆ. ಹೆಂಗಸರಲ್ಲಿ ಅದು ಯೋನಿಯ ಒಳಗೆ ಅಥವಾ ಗರ್ಭಕೋಶದ ಬಾಯಿಯ ಮೇಲೆ ಇದ್ದರೆ ಅವರಿಗೆ ತಿಳಿಯುವ ಸಂಭವವೇ ಇಲ್ಲ. ಮೂರರಿಂದ ಆರು ವಾರಗಳಲ್ಲಿ ಆ ಹುಣ್ಣು ತಾನಾಗಿಯೇ ಮಾಯುತ್ತದೆ. ಔಷಧ ಹಾಕಿದರೂ ಮಾಯುತ್ತದೆ, ಹಾಕದಿದ್ದರೂ ಮಾಯುತ್ತದೆ.

ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿರಿ. ಸಂತೆಯ ದಿನ ಡೇರೆ ಹಾಕಿ ಕುಳಿತು ಭಸ್ಮ ಮಾರುವವನು, ತಿಂಗಳಿಗೊಮ್ಮೆ ಲಾಡ್ಜಿನ ಕೋಣೆಯಲ್ಲಿ ಬಂದಿಳಿದು ಸಾವಿರಾರು ರೂಪಾಯಿ ತೆಗೆದುಕೊಳ್ಳುವ ಗುಪ್ತರೋಗ ತಜ್ಞನು, ಇವರೆಲ್ಲ ಹೆಸರು ಗಳಿಸುವುದು ಇದರಿಂದಲೇ. ಅವನು ಕೊಟ್ಟ ಪುಡಿಯನ್ನು ಒಂದು ತಿಂಗಳು ತಿಂದ ಮೇಲೆ ಗಾಯ ಮಾಯಿತು ಎಂದು ಜನ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಗಾಯ ಮಾಯಿದ್ದು ನಿಜ. ಆದರೆ ಆ ಒಂದು ತಿಂಗಳಲ್ಲಿ ಅದು ಹೇಗೂ ಮಾಯುತ್ತಿತ್ತು. ರೋಗವಾದರೋ ರಕ್ತದಲ್ಲಿ ಉಳಿಯಿತು. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ನಮ್ಮ ಕಪ್ಪತಗುಡ್ಡದ ಗಿಡಮೂಲಿಕೆಗಳ ಬಗ್ಗೆ ನನಗೆ ಗೌರವವಿದೆ. ಓದಿ ಅರಿತ ಆಯುರ್ವೇದ ವೈದ್ಯರ ಬಗ್ಗೆಯೂ ಇದೆ. ಆ ವೈದ್ಯರೇ ಇಂಥ ರೋಗಿಯನ್ನು ರಕ್ತಪರೀಕ್ಷೆಗೆ ಕಳಿಸಿಕೊಡುತ್ತಾರೆ. ನಾನು ಹೇಳುತ್ತಿರುವುದು ಕಪ್ಪತಗುಡ್ಡದ ಹೆಸರು ಹೇಳಿ ಎಲ್ಲಿಂದಲೋ ತಂದ ಪುಡಿಯನ್ನು ಮಾರುವವರ ವಿಷಯ.

ಹುಣ್ಣು ಮಾಯ್ದ ಕೆಲವು ವಾರಗಳ ಮೇಲೆ ಮೈಮೇಲೆ ಗಂಧೆಗಳೇಳಬಹುದು. ಅಂಗೈ, ಅಂಗಾಲುಗಳಲ್ಲಿಯೂ ಕಲೆಗಳು ಕಾಣಬಹುದು. ಅವುಗಳಿಗೆ ಸಾಧಾರಣವಾಗಿ ತುರಿಕೆ ಇರುವುದಿಲ್ಲ. ಸಣ್ಣ ಜ್ವರ, ಗಂಟಲು ನೋವು, ಕೂದಲು ಉದುರುವಿಕೆ ಇರಬಹುದು. ಮೈಗೆ ಉಷ್ಣವಾಗಿದೆ ಎಂದು ಜೀರಿಗೆ ನೀರು, ಎಳನೀರು, ಮಜ್ಜಿಗೆ ಕುಡಿಯುತ್ತಾರೆ. ಆ ಗಂಧೆಗಳೂ ತಾವಾಗಿಯೇ ಹೋಗುತ್ತವೆ. ಮತ್ತೊಮ್ಮೆ ಎಲ್ಲರೂ ನಿಶ್ಚಿಂತರಾಗುತ್ತಾರೆ. ಅಲ್ಲಿಂದ ಮುಂದೆ ವರ್ಷಗಟ್ಟಲೆ ಏನೂ ಕಾಣುವುದಿಲ್ಲ. ಚಿಕಿತ್ಸೆ ಪಡೆಯದ ಕೆಲವರಲ್ಲಿ ಹತ್ತು, ಇಪ್ಪತ್ತು ವರ್ಷಗಳ ಮೇಲೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಊದಿಕೊಳ್ಳುತ್ತದೆ. ಇಲ್ಲವೆ ಮಿದುಳು, ಬೆನ್ನುಹುರಿಗಳು ಕೆಡುತ್ತವೆ. ಕಣ್ಣು, ಕಿವಿ, ಮಿದುಳುಗಳಿಗೆ ಮಾತ್ರ ರೋಗವು ಮೊದಲ ಹಂತಗಳಲ್ಲಿಯೂ ತಗುಲಬಹುದು.

ಇನ್ನು ಎರಡನೆಯ ಬಗೆಯ ರೋಗಗಳು ಗೊನೋರಿಯಾ ಮತ್ತು ಕ್ಲಮೀಡಿಯಾ. ಗೊನೋರಿಯಾ ತಗಲಿದ ಗಂಡಸಿಗೆ ಸಾಮಾನ್ಯವಾಗಿ ಒಂದು ವಾರದೊಳಗೆ ಮೂತ್ರ ಮಾಡುವಾಗ ಉರಿ, ಕೀವು ಸೋರುವಿಕೆ ಆರಂಭವಾಗುತ್ತದೆ. ಆದ್ದರಿಂದ ಅವನಿಗೆ ತಿಳಿಯುತ್ತದೆ. ಹೆಂಗಸಿಗೆ ತಿಳಿಯುವುದಿಲ್ಲ. ಅವರಲ್ಲಿ ಬಹು ಮಂದಿಗೆ ಯಾವ ಲಕ್ಷಣವೂ ಇರುವುದಿಲ್ಲ, ಅಥವಾ ಅಲ್ಪಸ್ವಲ್ಪ ಸೆರಗು ಹೋಗುವುದು, ಕಿಬ್ಬೊಟ್ಟೆಯಲ್ಲಿ ನೋವು ಇಷ್ಟೇ ಇರುತ್ತದೆ. ಒಳಗೆ ಮಾತ್ರ ರೋಗವು ಗರ್ಭಕೋಶದಿಂದ ಅಂಡನಾಳಗಳಿಗೆ ಏರಿ, ಅವುಗಳನ್ನು ಊದಿಸಿ, ಮಾಯುವಾಗ ಮುಚ್ಚಿಬಿಡಬಹುದು. ಮುಚ್ಚಿದ ನಾಳದಲ್ಲಿ ಅಂಡಾಣು ಸಾಗುವುದಿಲ್ಲ. ಮಕ್ಕಳಾಗುವುದಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಇದು ಯಾರೊಬ್ಬರ ಕಥೆಯೂ ಅಲ್ಲ. ಆದರೆ ನಮ್ಮ ಭಾಗದಲ್ಲಿ ನಡೆಯಬಹುದಾದದ್ದು. ಶಿರಹಟ್ಟಿ ಅಥವಾ ಮುಂಡರಗಿ ಕಡೆಯ ಒಣಬೇಸಾಯದ ಹಳ್ಳಿಯೊಂದರ ತರುಣ. ಮಳೆ ಕೈಕೊಟ್ಟಿತು, ಹಿಂಗಾರಿಯ ಆಸೆಯೂ ಹೋಯಿತು. ಕಟ್ಟಡದ ಕೆಲಸಕ್ಕೆಂದು ಗೋವಾಕ್ಕೆ ಹೋದ. ಮನೆಯಲ್ಲಿ ಹೊಸದಾಗಿ ಬಂದ ಹೆಂಡತಿ, ಮುದಿ ತಾಯಿ. ನಾಲ್ಕು ತಿಂಗಳ ಮೇಲೆ ಜಾತ್ರೆಗೆ ಬಂದ. ಬರುವ ಮುನ್ನ ಅಲ್ಲಿ ಎಲ್ಲಿಯೋ ಕಾಲು ಜಾರಿತ್ತು, ಉರಿಮೂತ್ರ ಆರಂಭವಾಗಿತ್ತು. ಔಷಧದ ಅಂಗಡಿಯಲ್ಲಿ ಕೇಳಿ ನಾಲ್ಕು ಗುಳಿಗೆ ತೆಗೆದುಕೊಂಡ. ಉರಿ ಕಡಿಮೆಯಾಯಿತು. ಊರಿಗೆ ಬಂದ, ಹದಿನೈದು ದಿನ ಇದ್ದ, ತಿರುಗಿ ಹೋದ. ಎರಡು ವರ್ಷ ಕಳೆಯಿತು. ಸೊಸೆಗೆ ಹೊಟ್ಟೆನೋವು, ನಡುನೋವು, ಮಕ್ಕಳಿಲ್ಲ. ಅತ್ತೆ ಮೊದಲು ಗುಡಿಗೆ ಕರೆದೊಯ್ದಳು, ಆಮೇಲೆ ದರ್ಗಾಕ್ಕೂ ಕರೆದೊಯ್ದಳು. ಮೂರನೆಯ ವರ್ಷ, "ಏನ್ ಮಾಡೂದು ತಂಗಿ, ಇದಕ್ಕ ಹಣ್ಯಾಗ ಬರದಿಲ್ಲ" ಎಂದು ನೆರೆಯವಳ ಮುಂದೆ ಕಣ್ಣೀರು ಹಾಕಿದಳು. ಐದನೆಯ ವರ್ಷ ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ಬಂತು.

ಈ ಮನೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಅತ್ತೆ ಕೆಟ್ಟವಳಲ್ಲ. ಆ ತರುಣನೂ ಮೂಲತಃ ಕೆಟ್ಟವನಲ್ಲ. ಉರಿ ನಿಂತಿತು, ರೋಗ ಹೋಯಿತು ಎಂದು ತಿಳಿದ. ಹೆಂಡತಿಗೂ ಚಿಕಿತ್ಸೆ ಬೇಕೆಂದು ಅವನಿಗೆ ಹೇಳುವವರಿರಲಿಲ್ಲ. ಆದರೆ ಬಂಜೆ ಎಂಬ ಹೆಸರನ್ನು ಹೊತ್ತವಳು ಆ ಹುಡುಗಿ. ಮಕ್ಕಳಾಗದಿರುವುದಕ್ಕೆ ಬೇರೆ ಕಾರಣಗಳೂ ಅನೇಕ ಇವೆ. ಎಲ್ಲವನ್ನೂ ಈ ರೋಗಕ್ಕೆ ಕಟ್ಟಲಾಗದು. ಅದಕ್ಕಾಗಿಯೇ ಮಕ್ಕಳಿಲ್ಲದ ದಂಪತಿಗಳಲ್ಲಿ ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು, ಮೊದಲು ಗಂಡನಿಂದ ಆರಂಭಿಸಿದರೂ ತಪ್ಪಿಲ್ಲ ಎಂದು ನಾವು ಹೇಳುವುದು.

ಗರ್ಭಿಣಿಯರ ವಿಷಯ ಇದಕ್ಕಿಂತ ಹೆಚ್ಚಿನದು. ತಾಯಿಗೆ ಸಿಫಿಲಿಸ್ ಇದ್ದರೆ ರೋಗಾಣುವು ಮಾಸಿನ ಮೂಲಕ ಶಿಶುವನ್ನು ಸೇರುತ್ತದೆ. ಗರ್ಭಪಾತವಾಗಬಹುದು, ದಿನ ತುಂಬುವ ಮುಂಚೆ ಹೆರಿಗೆಯಾಗಬಹುದು, ಕೂಸು ಹೊಟ್ಟೆಯಲ್ಲಿಯೇ ಸಾಯಬಹುದು, ಬದುಕಿ ಹುಟ್ಟಿದರೂ ಎಲುಬು, ಯಕೃತ್ತು, ಕಣ್ಣು, ಕಿವಿಗಳಲ್ಲಿ ದೋಷವಿರಬಹುದು. ಒಂದರ ಮೇಲೊಂದು ಕೂಸು ಸತ್ತು ಹುಟ್ಟಿದಾಗ ಗಾಳಿ, ದೃಷ್ಟಿ, ಮಾಟ ಎಂದು ಅಲೆಯುವ ಕುಟುಂಬಗಳಿವೆ. ರಕ್ತಪರೀಕ್ಷೆ ಒಂದೇ ಸಾಕಾಗಿತ್ತು. ಗೊನೋರಿಯಾ ಇದ್ದ ತಾಯಿಯ ಕೂಸಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಎರಡೂ ಕಣ್ಣು ಊದಿ ಕೀವು ಸುರಿಯಬಹುದು. ತಕ್ಷಣ ಚಿಕಿತ್ಸೆಯಾಗದಿದ್ದರೆ ಕುರುಡಾಗಬಹುದು. 1881ರಲ್ಲಿ ಜರ್ಮನಿಯ ಹೆರಿಗೆ ವೈದ್ಯ ಕ್ರೇಡೆ ಎಂಬಾತನು, ಹುಟ್ಟಿದ ಕೂಡಲೆ ಕಣ್ಣಿಗೆ ಒಂದು ತೊಟ್ಟು ಬೆಳ್ಳಿಯ ಲವಣದ ದ್ರಾವಣ ಹಾಕಿದರೆ ಈ ಕುರುಡುತನ ತಪ್ಪುವುದೆಂದು ತೋರಿಸಿದನು. ಇಂದು ಅದಕ್ಕಿಂತ ಒಳ್ಳೆಯ ಔಷಧಗಳಿವೆ. ಕೂಸಿನ ಕಣ್ಣಲ್ಲಿ ಕೀವು ಕಂಡರೆ ಮೊಲೆಹಾಲು ಹಿಂಡುತ್ತ ಕೂಡಬಾರದು. ಅದೇ ಹೊತ್ತಿಗೆ ದವಾಖಾನೆಗೆ ಎತ್ತಿಕೊಂಡು ಬರಬೇಕು.

ಗರ್ಭಿಣಿಯು ಮೊದಲ ಸಲ ತಪಾಸಣೆಗೆ ಬಂದಾಗಲೇ, ಅಂದರೆ ಮೂರು ತಿಂಗಳು ತುಂಬುವ ಮುನ್ನವೇ, ಎಚ್.ಐ.ವಿ. ಮತ್ತು ಸಿಫಿಲಿಸ್ ಎರಡಕ್ಕೂ ರಕ್ತಪರೀಕ್ಷೆಯಾಗಬೇಕು. ಸಿಫಿಲಿಸ್ ಕಂಡುಬಂದರೆ ಪೆನಿಸಿಲಿನ್ ಸೂಜಿ ತಾಯಿಗೂ ಶಿಶುವಿಗೂ ಒಟ್ಟಿಗೆ ಕೆಲಸ ಮಾಡುತ್ತದೆ. ಆದರೆ ಹೆರಿಗೆಗೆ ಕಡಿಮೆಯೆಂದರೆ 30 ದಿನ ಮೊದಲು ಚಿಕಿತ್ಸೆ ಆರಂಭವಾಗಿರಬೇಕು. ಏಳನೆಯ ತಿಂಗಳ ಕುಬಸಕ್ಕೆ ತವರಿಗೆ ಬಂದ ಮೇಲೆ ನೋಡೋಣ ಎಂದು ಮುಂದೂಡುವವರು ಇದನ್ನು ಗಮನಿಸಬೇಕು. ತವರಿಗೆ ಬರುವಾಗ ತಾಯಿ ಕಾರ್ಡನ್ನು ಮರೆಯದೆ ತನ್ನಿರಿ. ಪರೀಕ್ಷೆಯಾಗಿದೆಯೋ ಇಲ್ಲವೋ ಅದರಲ್ಲಿ ಬರೆದಿರುತ್ತದೆ.

ಈಗ ಚಿಕಿತ್ಸೆಯ ಮಾತು. 1910ರಲ್ಲಿ ಜರ್ಮನಿಯ ಎರ್ಲಿಖ್ ಮತ್ತು ಜಪಾನಿನ ಹಾತಾ ಎಂಬವರು ರೂಪಿಸಿದ ಪಾಷಾಣದ ಔಷಧ ಬಳಕೆಗೆ ಬಂತು; ಅದಕ್ಕೂ ಹಿಂದೆ ಪಾದರಸವೇ ಗತಿಯಾಗಿತ್ತು. ಅದರಿಂದ ಹಲ್ಲುಗಳು ಉದುರುತ್ತಿದ್ದವು. 1943ರಲ್ಲಿ ಅಮೆರಿಕದ ವೈದ್ಯ ಜಾನ್ ಮಹೋನಿ ನಾಲ್ವರು ರೋಗಿಗಳಿಗೆ ಪೆನಿಸಿಲಿನ್ ಕೊಟ್ಟು ಸಿಫಿಲಿಸ್ ಗುಣವಾಗುವುದನ್ನು ಕಂಡರು. ಅಲ್ಲಿಂದ ಇಂದಿನವರೆಗೆ ಅದೇ ಔಷಧ. ಹೊಸದಾಗಿ ತಗಲಿದ ಸಿಫಿಲಿಸ್‌ಗೆ ದೀರ್ಘಕಾಲ ನಿಲ್ಲುವ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಒಂದೇ ಸಲ, ಪಿರ್ರೆಗಳಲ್ಲಿ ಸೂಜಿಯ ಮೂಲಕ ಕೊಡುವುದರಿಂದ ಗುಣವಾಗುತ್ತದೆ. ಹಳೆಯದಾಗಿದ್ದರೆ ವಾರಕ್ಕೊಂದರಂತೆ ಮೂರು ಸಲ. ಲಾಡ್ಜಿನ ವೈದ್ಯನಿಗೆ ಸಾವಿರಾರು ರೂಪಾಯಿ ತೆತ್ತರೂ ಗುಣವಾಗದ ರೋಗ ಸರಕಾರಿ ದವಾಖಾನೆಯಲ್ಲಿ ಬಿಟ್ಟಿಯಾಗಿ ಗುಣವಾಗುತ್ತದೆ ಎಂದರೆ ಕೆಲವರು ನಂಬುವುದೇ ಇಲ್ಲ. ಬಿಟ್ಟಿಯಾದದ್ದು ಕೆಲಸಕ್ಕೆ ಬಾರದೆಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ!

ಎರಡು ಎಚ್ಚರಿಕೆಗಳು. ಪೆನಿಸಿಲಿನ್ ಕೆಲವರಿಗೆ ಒಗ್ಗುವುದಿಲ್ಲ. ಹಿಂದೆ ಯಾವುದಾದರೂ ಸೂಜಿಯಿಂದ ಮೈ ದದ್ದೆದ್ದಿದ್ದರೆ, ಉಸಿರು ಕಟ್ಟಿದ್ದರೆ ಮೊದಲೇ ಹೇಳಬೇಕು. ಅಂಥವರಿಗೆ ಬೇರೆ ಗುಳಿಗೆಗಳಿವೆ. ಗರ್ಭಿಣಿಯಾದರೆ ಮಾತ್ರ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇವೆ. ಎರಡನೆಯದು, ಸೂಜಿ ಮಾಡಿಸಿಕೊಂಡ ದಿನ ರಾತ್ರಿ ಕೆಲವರಿಗೆ ಚಳಿಜ್ವರ, ತಲೆನೋವು ಬರುತ್ತದೆ. ಸತ್ತ ರೋಗಾಣುಗಳಿಂದ ಹಾಗಾಗುತ್ತದೆ. ಒಂದು ದಿನದಲ್ಲಿ ಇಳಿಯುತ್ತದೆ. ಸೂಜಿ ಕೆಟ್ಟಿತೆಂದು ಹೆದರಿ ಮುಂದಿನ ಸೂಜಿಯನ್ನು ತಪ್ಪಿಸಬಾರದು. ಗರ್ಭಿಣಿಗೆ ಜ್ವರದ ಜೊತೆ ಹೊಟ್ಟೆ ನೋವು ಬಂದರೆ, ಕೂಸಿನ ಮಿಸುಕಾಟ ಕಡಿಮೆಯಾದರೆ ಮಾತ್ರ ಕೂಡಲೆ ತೋರಿಸಬೇಕು.

ಸಿಫಿಲಿಸ್ ರೋಗಾಣು ಎಂಬತ್ತು ವರ್ಷಗಳಾದರೂ ಪೆನಿಸಿಲಿನ್‌ಗೆ ಮಣಿಯುತ್ತಲೇ ಇದೆ. ಗೊನೋರಿಯಾದ ರೋಗಾಣು ಹಾಗಲ್ಲ. ಒಂದು ಕಾಲಕ್ಕೆ ಅದೂ ಪೆನಿಸಿಲಿನ್‌ನಿಂದ ಸಾಯುತ್ತಿತ್ತು, ಈಗ ಸಾಯುವುದಿಲ್ಲ. ಆಮೇಲೆ ಬಂದ ಅನೇಕ ಔಷಧಗಳನ್ನೂ ಅದು ಜೀರ್ಣಿಸಿಕೊಂಡಿದೆ. ಅರೆಬರೆ ಗುಳಿಗೆ ನುಂಗುವುದರಿಂದಲೂ ಅದಕ್ಕೆ ಈ ಶಕ್ತಿ ಬಂತು. ನಮ್ಮ ಉದಾಹರಣೆಯ ತರುಣ ಅಂಗಡಿಯಲ್ಲಿ ಕೇಳಿ ತೆಗೆದುಕೊಂಡ ನಾಲ್ಕು ಗುಳಿಗೆಗಳು ಉರಿಯನ್ನು ತಗ್ಗಿಸಿ, ರೋಗಾಣುವನ್ನು ಉಳಿಸಿದವು. ಆದ್ದರಿಂದ ಯಾವ ಔಷಧ, ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಣಯಿಸಬೇಕು. ಸ್ನೇಹಿತನಿಗೆ ಕೊಟ್ಟ ಚೀಟಿ ತನಗೆ ಹೊಂದುವುದಿಲ್ಲ.

ಗದಗದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ, ಇಲ್ಲವೆ ತಮ್ಮ ತಾಲ್ಲೂಕಿನ ಸರಕಾರಿ ಆಸ್ಪತ್ರೆಗೆ ಬರಬಹುದು. ಈ ರೋಗಗಳ ಚಿಕಿತ್ಸೆಯ ವಿಭಾಗವನ್ನು ಸುರಕ್ಷಾ ಕ್ಲಿನಿಕ್ ಎಂದು ಕರೆಯುತ್ತ ಬಂದಿದ್ದೇವೆ; ಗುಪ್ತರೋಗ ವಿಭಾಗ ಎಂಬ ಫಲಕ ಹಾಕಿದರೆ ಯಾರೂ ಆ ಬಾಗಿಲಿಗೆ ಬರಲಾರರೆಂಬುದು ನಮಗೂ ತಿಳಿದಿದೆ. ಅಲ್ಲಿ ಆಪ್ತಸಮಾಲೋಚಕರು ಬಾಗಿಲು ಮುಚ್ಚಿ ಒಬ್ಬೊಬ್ಬರೊಡನೆ ಮಾತನಾಡುತ್ತಾರೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ಈ ರೋಗಗಳ ಔಷಧಗಳನ್ನು ಬಣ್ಣಬಣ್ಣದ ಪೊಟ್ಟಣಗಳಲ್ಲಿ ಹಂಚುವ ಪದ್ಧತಿಯನ್ನು ದೇಶದಲ್ಲೆಲ್ಲ ತಂದಿತು. ಓದಲು ಬಾರದವರೂ ಬಣ್ಣದಿಂದ ಗುರುತಿಸಬಹುದು. ಗೋವಾದಲ್ಲಿ, ಮಂಗಳೂರಿನಲ್ಲಿ ದುಡಿಯುವವರು ರಜೆಯಲ್ಲಿ ಊರಿಗೆ ಬರುವ ತನಕ ಕಾಯಬೇಕಾಗಿಲ್ಲ. ಅಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿಯೂ ಚಿಕಿತ್ಸೆ ದೊರೆಯುತ್ತದೆ. ಎಲ್ಲಿ ಹೋಗಬೇಕೆಂದು ತೋಚದಿದ್ದರೆ 1097 ಎಂಬ ಸಂಖ್ಯೆಗೆ ಫೋನ್ ಮಾಡಿ ಕೇಳಬಹುದು. ಹಣ ಬೀಳುವುದಿಲ್ಲ, ಹೆಸರು ಹೇಳಬೇಕಾಗಿಲ್ಲ.

ಆದರೆ ಒಬ್ಬರಿಗೇ ಚಿಕಿತ್ಸೆಯಾದರೆ ಅದು ತೂತುಗೊಡದಲ್ಲಿ ನೀರು ಸೇದಿದಂತೆ. ಗಂಡ ಗುಣವಾಗುತ್ತಾನೆ, ಹೆಂಡತಿಯಿಂದ ಅವನಿಗೆ ಮತ್ತೆ ಬರುತ್ತದೆ. ಇಬ್ಬರಿಗೂ ಒಂದೇ ಕಾಲಕ್ಕೆ ಔಷಧವಾಗಬೇಕು. ಒಂದೇ ಸಲ ಕೊಡುವ ಔಷಧವಾದರೆ ಅನಂತರ ಏಳು ದಿನ, ಹಲವು ದಿನ ತೆಗೆದುಕೊಳ್ಳುವುದಾದರೆ ಔಷಧ ಮುಗಿದು ಲಕ್ಷಣಗಳೆಲ್ಲ ಹೋಗುವ ತನಕ, ಇಬ್ಬರೂ ಸಂಭೋಗವನ್ನು ಬಿಡಬೇಕು. ಸಿಫಿಲಿಸ್ ಆಗಿದ್ದವರು ವೈದ್ಯರು ಹೇಳಿದಂತೆ ಕೆಲವು ತಿಂಗಳ ಮೇಲೆ, ಮತ್ತೆ ಒಂದು ವರ್ಷಕ್ಕೆ, ರಕ್ತವನ್ನು ತೋರಿಸಬೇಕು. ಹೆಂಡತಿಯನ್ನು ಕರೆತರಲು ಹೇಗೆ ಬಾಯಿ ಬರುತ್ತದೆ ಡಾಕ್ಟರೆ, ಎಂದು ಗಂಡಸರು ಕೇಳುತ್ತಾರೆ. ಕಷ್ಟವೇ. ಆಪ್ತಸಮಾಲೋಚಕರು ಈ ಮಾತನ್ನು ಹೇಗೆ ಆರಂಭಿಸಬೇಕೆಂದು ತಿಳಿಸಿಕೊಡುತ್ತಾರೆ. ಬೇಕಾದರೆ ತಾವೇ ಹೇಳುತ್ತಾರೆ. ಯಾರಿಂದ ಯಾರಿಗೆ ಬಂತು ಎಂಬ ವಿಚಾರಣೆ ನಮ್ಮಲ್ಲಿಲ್ಲ. ಎಷ್ಟೋ ವೇಳೆ ಅದನ್ನು ಹೇಳಲೂ ಬರುವುದಿಲ್ಲ, ಏಕೆಂದರೆ ರೋಗವು ವರ್ಷಗಟ್ಟಲೆ ಅಡಗಿರಬಲ್ಲದು. ಗರ್ಭಿಣಿಯ ರಕ್ತದಲ್ಲಿ ದೋಷ ಕಂಡ ಕೂಡಲೆ ಅವಳ ನಡತೆಯನ್ನು ಶಂಕಿಸುವ ಗಂಡಂದಿರೂ ಅತ್ತೆಯಂದಿರೂ ಈ ಮಾತನ್ನು ಕೇಳಬೇಕು.

ತಾಯಂದಿರಿಗೆ ಒಂದು ಸಮಾಧಾನದ ಮಾತು. ಬಿಳಿ ಸೆರಗು ಹೋದದ್ದೆಲ್ಲ ಲೈಂಗಿಕ ರೋಗವಲ್ಲ. ಮುಟ್ಟಿನ ನಡುವಿನ ದಿನಗಳಲ್ಲಿ, ಬಸುರಿಯಾಗಿದ್ದಾಗ ಸ್ವಲ್ಪ ಹೋಗುವುದು ಸ್ವಾಭಾವಿಕ. ಸಿಹಿಮೂತ್ರ ರೋಗವಿದ್ದವರಲ್ಲಿ ಮೊಸರಿನ ಗಸಿಯಂತೆ ಹೋಗಿ ತುರಿಕೆಯಾಗುವುದುಂಟು, ಅದು ಬೇರೆ. ಆದರೆ ವಾಸನೆ, ಹಳದಿ ಅಥವಾ ಹಸಿರು ಬಣ್ಣ, ಕಿಬ್ಬೊಟ್ಟೆ ನೋವು, ಕೂಡಿದ ಮೇಲೆ ರಕ್ತ, ಇವುಗಳಲ್ಲಿ ಯಾವುದಿದ್ದರೂ ತೋರಿಸಬೇಕು. ಬೆಟಗೇರಿಯ ಮಗ್ಗದ ಮುಂದೆ ದಿನವೆಲ್ಲ ಕೂಡುವವಳಿಗೂ ಹೊಲದಲ್ಲಿ ಕಳೆ ತೆಗೆಯುವವಳಿಗೂ ನಡುನೋವು ಇದ್ದದ್ದೇ ಎಂದು ತಳ್ಳಿಹಾಕಬಾರದು. ಹೆಣ್ಣು ವೈದ್ಯರೇ ನೋಡಲಿ ಎಂದು ಕೇಳುವ ಹಕ್ಕು ತಮಗಿದೆ. ಹೆಣ್ಣು ವೈದ್ಯರಿಲ್ಲದ ಕಡೆ ಸಿಸ್ಟರ್ ಒಬ್ಬರು ಪಕ್ಕದಲ್ಲಿಯೇ ಇರಬೇಕು.

ಎಚ್.ಐ.ವಿ.ಯ ವಿಷಯವನ್ನು ತಾವು ಬೇರೆ ಸಭೆಗಳಲ್ಲಿ ಕೇಳಿದ್ದೀರಿ, ಸಂಕ್ಷೇಪವಾಗಿ ಹೇಳುತ್ತೇನೆ. ಭಾರತದಲ್ಲಿ ಅದು ಮೊದಲು ಕಂಡುಬಂದದ್ದು 1986ರಲ್ಲಿ, ಮದರಾಸಿನಲ್ಲಿ. ಜನನೇಂದ್ರಿಯದಲ್ಲಿ ಹುಣ್ಣು ಇದ್ದವರಿಗೆ ಎಚ್.ಐ.ವಿ. ಸುಲಭವಾಗಿ ತಗಲುತ್ತದೆ, ಆದ್ದರಿಂದ ಲೈಂಗಿಕ ರೋಗವಿದ್ದವರೆಲ್ಲ ಆ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು. ಅದು ಇಂದು ಮರಣದ ಶಾಸನವಲ್ಲ. ಸರಕಾರವು 2004ರಿಂದ ಎ.ಆರ್.ಟಿ. ಔಷಧಗಳನ್ನು ಬಿಟ್ಟಿಯಾಗಿ ಕೊಡುತ್ತಿದೆ. ದಿನವೂ ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಕ್ಕದಷ್ಟು ಇಳಿದು, ಹಾಗೆಯೇ ಉಳಿದವರಿಂದ ಸಂಭೋಗದ ಮೂಲಕ ಇನ್ನೊಬ್ಬರಿಗೆ ಅದು ಹಾಯುವುದಿಲ್ಲ. ಅಪಾಯದ ಸಂದರ್ಭವೊಂದು ನಡೆದುಹೋಗಿದ್ದರೆ, ಬಲಾತ್ಕಾರಕ್ಕೆ ಒಳಗಾಗಿದ್ದರೆ, 72 ಗಂಟೆಗಳೊಳಗೆ ಬಂದರೆ 28 ದಿನಗಳ ಔಷಧದಿಂದ ತಡೆಯಲು ಸಾಧ್ಯ. ಆಗ ಬೇಗ ಬಂದಷ್ಟೂ ಒಳ್ಳೆಯದು.

ತಡೆಗಟ್ಟುವಿಕೆಯ ಮಾತಿಗೆ ಬರುತ್ತೇನೆ. ಪರಸ್ಪರ ನಿಷ್ಠರಾದ, ಇಬ್ಬರಿಗೂ ರೋಗವಿಲ್ಲದ ದಂಪತಿಗಳಿಗೆ ಭಯವಿಲ್ಲ ಎಂಬುದನ್ನು ಎಲ್ಲರೂ ಹೇಳುತ್ತಾರೆ. ನಿಜ. ಆದರೆ ನಿಷ್ಠೆ ಇಬ್ಬರದೂ ಇರಬೇಕು. ಹೆಂಡತಿಯೊಬ್ಬಳ ಪಾತಿವ್ರತ್ಯ ಅವಳನ್ನು ಕಾಯಲಾರದು. ಉಳಿದ ಎಲ್ಲ ಸಂದರ್ಭಗಳಿಗೆ ನಿರೋಧ್ ಇದೆ. 1968ರಲ್ಲಿ ಭಾರತ ಸರಕಾರವು ನಿರೋಧ್‌ನ ಮಾರಾಟವನ್ನು ಆರಂಭಿಸಿದಾಗ ಮೂರಕ್ಕೆ 15 ಪೈಸೆ ಬೆಲೆ ಇತ್ತು. ಆಗ ಅದು ಮಕ್ಕಳ ಅಂತರಕ್ಕಾಗಿ. ಇಂದು ಅದಕ್ಕೆ ಎರಡು ಕೆಲಸ.

ಇಲ್ಲಿ ನಮ್ಮ ಕುಟುಂಬ ಕಲ್ಯಾಣ ಇಲಾಖೆಯವರೇ ಜನರಿಗೆ ಬಿಡಿಸಿ ಹೇಳಬೇಕಾದ ಒಂದು ಅಂಶವಿದೆ. ನಮ್ಮ ಭಾಗದಲ್ಲಿ ಎರಡು ಮೂರು ಮಕ್ಕಳಾದ ಮೇಲೆ ಹೆಣ್ಣುಮಕ್ಕಳು ಆಪರೇಷನ್ ಮಾಡಿಸಿಕೊಳ್ಳುತ್ತಾರೆ. ಮೂವತ್ತು ತುಂಬುವ ಮುನ್ನವೇ ಮಾಡಿಸಿಕೊಂಡವರು ಅನೇಕರು. ಇನ್ನು ನಿರೋಧ್ ಏತಕ್ಕೆ ಎಂದು ಆ ಮನೆಯಲ್ಲಿ ಕೇಳುತ್ತಾರೆ. ಆಪರೇಷನ್ ಗರ್ಭವನ್ನು ತಡೆಯುತ್ತದೆ, ರೋಗವನ್ನು ತಡೆಯುವುದಿಲ್ಲ. ಕಾಪರ್-ಟಿ, ಮಾಲಾ ಗುಳಿಗೆಗಳೂ ಅಷ್ಟೆ. ಗಂಡ ತಿಂಗಳುಗಟ್ಟಲೆ ಹೊರಗಿದ್ದು ಬರುವವನಾದರೆ, ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳುವ ತನಕ ಆಪರೇಷನ್ ಆದವಳಿಗೂ ನಿರೋಧ್ ಬೇಕು. ಅದನ್ನು ಬಳಸುವಾಗ ಪೊಟ್ಟಣದ ಮೇಲಿನ ದಿನಾಂಕ ನೋಡಬೇಕು. ಕೊಬ್ಬರಿ ಎಣ್ಣೆ ಮುಂತಾದವನ್ನು ಸವರಬಾರದು, ರಬ್ಬರು ಹರಿಯುತ್ತದೆ. ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಬಾರದು. ಲಾರಿಯ ಕ್ಯಾಬಿನ್ನಿನ ಬಿಸಿಯಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಕೆಲಸಕ್ಕೆ ಬಾರದು. ಹುಬ್ಬಳ್ಳಿ-ಹೊಸಪೇಟೆ ಹೆದ್ದಾರಿಯ ಚಾಲಕರಿಗೆ ಈ ಮಾತು. ಆಶಾ ಕಾರ್ಯಕರ್ತೆಯರ ಬಳಿಯೂ ಉಪಕೇಂದ್ರಗಳಲ್ಲಿಯೂ ನಿರೋಧ್ ದೊರೆಯುತ್ತದೆ. ಹುಣ್ಣು ನಿರೋಧ್ ಮುಚ್ಚದ ಜಾಗದಲ್ಲಿದ್ದರೆ ರೋಗ ಹಾಯಬಹುದು ಎಂಬುದನ್ನೂ ಹೇಳಿಬಿಡುತ್ತೇನೆ. ಹುಣ್ಣಿರುವಾಗ ಸಂಭೋಗವೇ ಸಲ್ಲದು. ಕನ್ಯೆಯೊಡನೆ ಕೂಡಿದರೆ ರೋಗ ಹೋಗುತ್ತದೆ ಎಂಬ ನೀಚ ಮೂಢನಂಬಿಕೆಯೊಂದು ಅಲ್ಲಲ್ಲಿ ಇದೆ. ಅದರಿಂದ ರೋಗ ಹೋಗುವುದಿಲ್ಲ. ಒಂದು ಮಗುವಿನ ಬಾಳು ಹೋಗುತ್ತದೆ, ಮಾಡಿದವನು ಜೈಲಿಗೆ ಹೋಗುತ್ತಾನೆ.

ಗುಟ್ಟು ಉಳಿಯುತ್ತದೆಯೇ ಎಂಬುದು ಎಲ್ಲರ ಪ್ರಶ್ನೆ. ಬ್ರಿಟಿಷರ ಆಳಿಕೆಯಲ್ಲಿ, 1868ರ ಕಾಯಿದೆಯ ಮೇರೆಗೆ, ದಂಡು ಪ್ರದೇಶಗಳಲ್ಲಿ ವೇಶ್ಯೆಯರೆಂದು ಹೆಸರು ಬರೆದುಕೊಂಡು ಹೆಂಗಸರನ್ನು ಒತ್ತಾಯದಿಂದ ಪರೀಕ್ಷಿಸಿ ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿದ್ದರು. ಬೆಂಗಳೂರು ದಂಡಿನಲ್ಲಿಯೂ ಅಂಥ ಆಸ್ಪತ್ರೆಯಿತ್ತು. ಗಂಡಸರಾದ ಸಿಪಾಯಿಗಳನ್ನು ಯಾರೂ ಹಾಗೆ ಎಳೆದು ತರುತ್ತಿರಲಿಲ್ಲ. ಹೆಂಗಸರು ಅಡಗಿಕೊಂಡರು, ರೋಗ ಕಡಿಮೆಯಾಗಲಿಲ್ಲ, 1888ರಲ್ಲಿ ಆ ಕಾಯಿದೆಯನ್ನು ತೆಗೆದರು. ಇದಕ್ಕೆ ಎದುರಾದ ಉದಾಹರಣೆ ನಮ್ಮ ರಾಜ್ಯದ ಮೈಸೂರಿನದು. ಅಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರು ಆಶೋದಯ ಸಮಿತಿ ಎಂಬ ತಮ್ಮದೇ ಸಂಘವನ್ನು ಕಟ್ಟಿಕೊಂಡು, ತಮ್ಮ ಗೆಳತಿಯರನ್ನು ತಾವೇ ಕರೆತಂದು ಚಿಕಿತ್ಸೆ ಕೊಡಿಸಿದರು. 2004ರಲ್ಲಿ ಪರೀಕ್ಷಿಸಿದವರಲ್ಲಿ ನೂರಕ್ಕೆ 25 ಮಂದಿಗೆ ಸಿಫಿಲಿಸ್ ಕಂಡಿತ್ತು. 2006ರ ಹೊತ್ತಿಗೆ ಅದು 12ಕ್ಕೆ ಇಳಿಯಿತು. ಒತ್ತಾಯ ಇಪ್ಪತ್ತು ವರ್ಷಗಳಲ್ಲಿ ಸಾಧಿಸದ್ದನ್ನು ವಿಶ್ವಾಸ ಎರಡು ವರ್ಷಗಳಲ್ಲಿ ಸಾಧಿಸಿತು. 2017ರ ಎಚ್.ಐ.ವಿ. ಕಾಯಿದೆಯು ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದನ್ನೂ ರೋಗಿಯ ಸ್ಥಿತಿಯನ್ನು ಹೊರಗೆಡಹುವುದನ್ನೂ ನಿಷೇಧಿಸಿದೆ. ದವಾಖಾನೆಯ ಕಸ ಗುಡಿಸುವವರಿಂದ ಹಿಡಿದು ನನ್ನವರೆಗೆ ಯಾರೇ ತಮ್ಮ ವಿಷಯವನ್ನು ಹೊರಗೆ ಆಡಿದರೂ ದೂರು ಕೊಡಿರಿ.

ಆಶಾ ಕಾರ್ಯಕರ್ತೆಯರಲ್ಲಿ ಒಂದು ಬಿನ್ನಹ. ಓಣಿಯಲ್ಲಿ ಯಾರದಾದರೂ ಮನೆಯಲ್ಲಿ ಕೂಸು ಸತ್ತು ಹುಟ್ಟಿದ್ದು ತಿಳಿದರೆ, ಮುಂದಿನ ಸಲ ಆ ತಾಯಿ ಮುಟ್ಟು ನಿಂತ ಕೂಡಲೆ, ಗಂಡನನ್ನೂ ಕರೆದುಕೊಂಡು ಬನ್ನಿರಿ. ಕಾರಣವನ್ನು ನೆರೆಯವರಿಗೆ ಹೇಳಬೇಡಿರಿ. ಬಸುರಿಯ ತಪಾಸಣೆ ಎಂದರೆ ಸಾಕು.

ಸಭೆಯಲ್ಲಿ ಪ್ರಶ್ನೆ ಕೇಳಲು ಸಂಕೋಚವಿದ್ದವರಿಗಾಗಿ ಬಾಗಿಲ ಹತ್ತಿರ ಒಂದು ಡಬ್ಬಿ ಇಟ್ಟಿದ್ದೇವೆ. ಚೀಟಿಯಲ್ಲಿ ಬರೆದು ಹಾಕಿರಿ, ಹೆಸರು ಬೇಡ. ಚಹಾ ಆದ ಮೇಲೆ ಎಲ್ಲವನ್ನೂ ಓದಿ ಉತ್ತರ ಹೇಳುತ್ತೇನೆ. ಬರೆಯಲು ಬಾರದ ತಾಯಂದಿರು ಎಡಗಡೆಯ ಕೋಣೆಗೆ ಹೋಗಬಹುದು, ಅಲ್ಲಿ ಸಿಸ್ಟರ್ ಒಬ್ಬರೇ ಇರುತ್ತಾರೆ. ಗಂಡಸರು ನನ್ನ ಬಳಿಗೆ ಬರಲಿ.